ಪಂಚಾಯತ್ ಮಸೂದೆ ಸಮಿತಿಗೆ ಹೋದಾಗ ನಮ್ಮ ಮಾತು ಅಲ್ಲಿಗೆ ತಲುಪಿಸುವುದು ಹೇಗೆ

ವಿಧಾನಸಭೆಯಲ್ಲಿ ಪಂಚಾಯತ್ ಅಥವಾ ನಗರಸಭೆಗೆ ಸಂಬಂಧಪಟ್ಟ ಮಸೂದೆ ಬಂದರೆ ನಮ್ಮ ಉಡುಪಿ, ಮಂಗಳೂರು ಕಡೆ ಹೆಚ್ಚಾಗಿ ಯಾರಿಗೂ ಗೊತ್ತೇ ಆಗುವುದಿಲ್ಲ. ಅದು ಪಾಸಾಗಿ, ರಾಜ್ಯಪತ್ರದಲ್ಲಿ (ಗೆಜೆಟ್) ಬಂದು, ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಕೈಗೆ ಸುತ್ತೋಲೆ ಸಿಕ್ಕಿದ ಮೇಲೆ ಗಲಾಟೆ ಶುರು. ಮಣಿಪಾಲದಲ್ಲಿ ಜಿಲ್ಲಾಧಿಕಾರಿ ಕಚೇರಿ ಇರುವ ರಜತಾದ್ರಿ ಎದುರು ಧರಣಿ, ಜಿಲ್ಲಾಧಿಕಾರಿಗೆ ಮನವಿ, ಪೇಪರಿನಲ್ಲಿ ಫೋಟೊ. ಅಷ್ಟೊತ್ತಿಗೆ ಜಿಲ್ಲಾಧಿಕಾರಿ ಕೈಯಲ್ಲೂ ಏನೂ ಇರುವುದಿಲ್ಲ. ಕಾನೂನು ಆಗಿಹೋಗಿರುತ್ತದೆ.

ಮಸೂದೆ ಮಂಡನೆಗೂ ಪಾಸಾಗುವುದಕ್ಕೂ ನಡುವೆ ಸ್ವಲ್ಪ ಸಮಯ ಉಂಟು. ಅದು ಸದನದ ಸದಸ್ಯರೇ ಇರುವ ಪರಿಶೀಲನಾ ಸಮಿತಿಗೆ ಹೋದರೆ ಸಮಯ ಇನ್ನೂ ಜಾಸ್ತಿ. ಮಾತಾಡಬೇಕಾದ್ದು ಆಗಲೇ.

ನಾನು ಉಡುಪಿ ಜಿಲ್ಲೆಯ ಒಂದು ಗ್ರಾಮ ಪಂಚಾಯತ್‌ನಲ್ಲಿ ಸದಸ್ಯೆಯಾಗಿದ್ದೆ, ಆಮೇಲೆ ಅಧ್ಯಕ್ಷೆ. ಈಗ ಯಾವ ಹುದ್ದೆಯೂ ಇಲ್ಲ. ಆದರೂ ಹೊಸ ತಿದ್ದುಪಡಿ ಬಂದಾಗ ಸುತ್ತಲಿನ ಪಂಚಾಯತ್‌ಗಳ ಸದಸ್ಯರು "ಅಕ್ಕ, ಇದರಲ್ಲಿ ನಮಗೆ ತೊಂದರೆ ಆಗುವಂಥದ್ದು ಏನಾದ್ರೂ ಉಂಟಾ, ಒಮ್ಮೆ ನೋಡಿ" ಅಂತ ಪಿಡಿಎಫ್ ಕಳಿಸುತ್ತಾರೆ. ಒಟ್ಟಿಗೆ ಕೂತು ಓದುತ್ತೇವೆ. ಹಾಗೆ ಓದಿ, ಬರೆದು, ಕಳಿಸಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಇದಕ್ಕೆ ವಕೀಲರೇ ಆಗಬೇಕೆಂದಿಲ್ಲ. ತಾಳ್ಮೆ ಬೇಕು, ಪಂಚಾಯತ್‌ನ ರಿಜಿಸ್ಟರ್ ನೋಡಿದ ಅನುಭವ ಬೇಕು.

ಇದು ಮಸೂದೆಯಾ, ನಿಯಮವಾ, ಸುತ್ತೋಲೆಯಾ?

ಮೊದಲು ಕೇಳಬೇಕಾದ ಪ್ರಶ್ನೆ ಇದು. ಎಷ್ಟೋ ಜನ ಸುತ್ತೋಲೆಯ ಮೇಲಿನ ಸಿಟ್ಟನ್ನು ಶಾಸಕರ ಮುಂದೆ "ಕಾನೂನು ಬದಲಾಯಿಸಿ" ಅಂತ ಹೇಳಿ ಬರುತ್ತಾರೆ. ಆ ಕಾನೂನಿನಲ್ಲಿ ಅಂಥ ಮಾತೇ ಇರುವುದಿಲ್ಲ.

ಗ್ರಾಮ ಪಂಚಾಯತ್ ನಡೆಯುವುದು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ ಮೇಲೆ. ಉಡುಪಿ ನಗರಸಭೆ, ಕುಂದಾಪುರ, ಕಾರ್ಕಳ ಪುರಸಭೆ, ಸಾಲಿಗ್ರಾಮ ಪಟ್ಟಣ ಪಂಚಾಯತ್ ಇವಕ್ಕೆಲ್ಲ 1964ರ ಪೌರಸಭೆಗಳ ಅಧಿನಿಯಮ. ಮಂಗಳೂರು ಮಹಾನಗರ ಪಾಲಿಕೆಗೆ 1976ರದ್ದು. ಈ ಮೂರನ್ನು ತಿದ್ದಬೇಕಾದರೆ ಮಸೂದೆ ಬೇಕು, ಎರಡೂ ಸದನದ ಮುಂದೆ ಬರಬೇಕು. ಕಾಯ್ದೆಯ ಕೆಳಗೆ ನಿಯಮಗಳು ಬರುತ್ತವೆ. ಅವನ್ನು ಸರ್ಕಾರವೇ ಮಾಡುತ್ತದೆ. ನಿಯಮದ ಕೆಳಗೆ ಆದೇಶ, ಸುತ್ತೋಲೆ. ಅವು ಇಲಾಖೆಯ ಮಟ್ಟದಲ್ಲೇ ಆಗುತ್ತವೆ.

ನಮ್ಮ ಕಡೆ ದಿನಾ ಕೇಳುವ 9/11 ವಿಷಯವನ್ನೇ ತೆಗೆದುಕೊಳ್ಳಿ. ಆಸ್ತಿಗೆ ಪಂಚಾಯತ್ ಕೊಡುವ ದಾಖಲೆಗಳಾದ ನಮೂನೆ 9, ನಮೂನೆ 11 ಸಿಗದೆ ಮನೆ ಕಟ್ಟಲು ಸಾಲ ಸಿಗದವರು ಪ್ರತಿ ವಾರ್ಡಿನಲ್ಲೂ ಇದ್ದಾರೆ. ಅದರಲ್ಲಿ ಕೆಲವು ಕಾಯ್ದೆಯ ಮಾತು, ಕೆಲವು ನಿಯಮದ ಮಾತು, ಇನ್ನು ಕೆಲವು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಬಂದ ಆದೇಶದ ಮಾತು. ಯಾವುದು ಎಲ್ಲಿಂದ ಬಂದದ್ದು ಅಂತ ಬಿಡಿಸಿ ನೋಡದೆ ಸಮಿತಿಗೆ ಕಾಗದ ಹಾಕಿದರೆ "ಇದು ಮಸೂದೆಯ ವ್ಯಾಪ್ತಿಗೆ ಬರುವುದಿಲ್ಲ" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಮಸೂದೆಯ ಪ್ರತಿ ವಿಧಾನಮಂಡಲದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಸಂಸದೀಯ ವ್ಯವಹಾರ ಮತ್ತು ಶಾಸನ ರಚನೆ ಇಲಾಖೆಯ ವೆಬ್‌ಸೈಟನ್ನೂ ನೋಡಬಹುದು, ಮೂಲ ಕಾಯ್ದೆಗಳೂ ಅಲ್ಲೇ ಉಂಟು. ಕನ್ನಡದ್ದನ್ನೂ ಇಂಗ್ಲಿಷಿನದ್ದನ್ನೂ ಎರಡನ್ನೂ ಇಳಿಸಿಕೊಳ್ಳಿ. ಒಂದರಲ್ಲಿ ಅರ್ಥ ಆಗದ ಸಾಲು ಇನ್ನೊಂದರಲ್ಲಿ ಬಿಡಿಸಿಕೊಳ್ಳುತ್ತದೆ.

ಎಲ್ಲ ಮಸೂದೆಯೂ ಸಮಿತಿಗೆ ಹೋಗುವುದಿಲ್ಲ

ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಮಸೂದೆ ತಾನಾಗಿ ಸಮಿತಿಗೆ ಹೋಗುವುದಿಲ್ಲ. ಸದನದಲ್ಲಿ ಪ್ರಸ್ತಾವ ಬಂದು, ಸದನ ಒಪ್ಪಿದರೆ ಮಾತ್ರ ಹೋಗುತ್ತದೆ. ಸ್ಥಳೀಯ ಸಂಸ್ಥೆಗಳ ಎಷ್ಟೋ ತಿದ್ದುಪಡಿ ಒಂದೇ ಅಧಿವೇಶನದಲ್ಲಿ ಮಂಡನೆಯಾಗಿ, ಗದ್ದಲದ ನಡುವೆಯೇ ಪಾಸಾಗಿ ಹೋಗುತ್ತದೆ.

ಆ ತಿದ್ದುಪಡಿಗಳು ಸಣ್ಣವು ಅಂತ ತಿಳಿಯಬೇಡಿ. 2021ರಲ್ಲಿ ಪಂಚಾಯತ್ ರಾಜ್ ಕಾಯ್ದೆ ತಿದ್ದಿ, ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್ ಕ್ಷೇತ್ರ ವಿಂಗಡಿಸುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟರು. 2016ರಲ್ಲಿ ಆರಿಸಿ ಬಂದವರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಇದಕ್ಕೆ ಮೀಸಲಾತಿ, ಕೋರ್ಟು ಎಲ್ಲ ಕಾರಣ ಉಂಟು, ಆ ತಿದ್ದುಪಡಿ ಒಂದೇ ಅಲ್ಲ. ಆದರೆ ಕ್ಷೇತ್ರದ ಗಡಿ ಯಾರು ಹಾಕಬೇಕು ಎಂಬ ದೊಡ್ಡ ಪ್ರಶ್ನೆ ನಮ್ಮ ಯಾವ ಗ್ರಾಮಸಭೆಯಲ್ಲೂ ಒಂದು ಮಾತಾಗದೆ ತೀರ್ಮಾನವಾಯಿತು. ಆ ನೋವು ನನಗೆ ಇವತ್ತಿಗೂ ಉಂಟು.

ಸಮಿತಿಗೆ ಹೋದರೆ ಹೇಗಿರುತ್ತದೆ ಅಂತ ನೋಡಲು ಬೆಂಗಳೂರಿನ ಉದಾಹರಣೆಯೇ ಸಾಕು. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ ಮಂಡನೆ ಆದದ್ದು 2024ರ ಜುಲೈಯಲ್ಲಿ. ಆಕ್ಷೇಪ ಬಂದು, ಎರಡೂ ಸದನದ ಸದಸ್ಯರಿರುವ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ಶಾಸಕ ರಿಜ್ವಾನ್ ಅರ್ಷದ್ ಅಧ್ಯಕ್ಷರು. ಸಮಿತಿ ಜನರನ್ನು ಕರೆದು ಅಭಿಪ್ರಾಯ ಕೇಳಿತು. 2025ರ ಫೆಬ್ರವರಿಯಲ್ಲಿ ಸ್ಪೀಕರ್ ಯು.ಟಿ. ಖಾದರ್ ಅವರಿಗೆ ವರದಿ ಕೊಟ್ಟಿತು. ಅವರು ನಮ್ಮ ಮಂಗಳೂರು ಕ್ಷೇತ್ರದವರೇ. ಬೆಂಗಳೂರನ್ನು ಹಂಚಿ ಮಾಡುವ ಪಾಲಿಕೆಗಳು 7ಕ್ಕಿಂತ ಜಾಸ್ತಿ ಆಗಬಾರದು ಎಂಬ ಮಿತಿ ಆ ವರದಿಯಲ್ಲಿತ್ತು. ಮಾರ್ಚ್‌ನಲ್ಲಿ ಎರಡೂ ಸದನದಲ್ಲಿ ಪಾಸಾಯಿತು. ರಾಜ್ಯಪಾಲರು ಒಮ್ಮೆ ವಿವರಣೆ ಕೇಳಿ ವಾಪಸ್ ಕಳಿಸಿದರು, ಏಪ್ರಿಲ್‌ನಲ್ಲಿ ಅಂಕಿತ ಹಾಕಿದರು. ಮೇ 15ಕ್ಕೆ ಜಾರಿ. ಅದಕ್ಕಿಂತ ಮೊದಲು 2020ರಲ್ಲಿ ಬಿಬಿಎಂಪಿ ಮಸೂದೆಯೂ ಶಾಸಕ ಎಸ್. ರಘು ಅಧ್ಯಕ್ಷತೆಯ ಜಂಟಿ ಸಮಿತಿಗೆ ಹೋಗಿತ್ತು.

ಬೆಂಗಳೂರಿನ ವಾರ್ಡಿಗೆ ಸಿಕ್ಕಿದ ಈ ಸಮಯ ಬೈಂದೂರಿನ ವಾರ್ಡಿಗೂ ಸಿಗಬೇಕು ಅಂತ ಕೇಳುವುದು ತಪ್ಪಲ್ಲ ಅಲ್ವಾ? ಹಾಗಾಗಿ ಮಸೂದೆ ಮಂಡನೆಯಾದ ದಿನವೇ ಮಾಡಬೇಕಾದ ಕೆಲಸ ಇದು. ನಿಮ್ಮ ಶಾಸಕರಿಗೆ ಫೋನ್ ಮಾಡಿ, "ಇದನ್ನು ಪರಿಶೀಲನಾ ಸಮಿತಿಗೆ ಕಳಿಸಿ ಅಂತ ಸದನದಲ್ಲಿ ಕೇಳಿ" ಎನ್ನಿ. ವಿರೋಧಿಸಿ ಅಂತ ಹೇಳಬೇಕಾಗಿಲ್ಲ. ಆಡಳಿತ ಪಕ್ಷದ ಶಾಸಕರೂ ಸಮಿತಿಗೆ ಕಳಿಸಿ ಎಂಬ ಮಾತನ್ನು ಹೇಳಬಲ್ಲರು.

ಇನ್ನು ನಮ್ಮ ಪಂಚಾಯತ್ ಸದಸ್ಯರು ಮರೆಯುವ ಒಂದು ಸಂಗತಿ ಉಂಟು. ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ಆರಿಸುವುದು ಸ್ಥಳೀಯ ಸಂಸ್ಥೆಗಳ ಸದಸ್ಯರು. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆ ಸೇರಿ ಒಂದು ಕ್ಷೇತ್ರ, ಅದಕ್ಕೆ 2 ಸ್ಥಾನ. ಕೋಟ ಶ್ರೀನಿವಾಸ ಪೂಜಾರಿಯವರು ಗ್ರಾಮ ಪಂಚಾಯತ್‌ನಿಂದ ಶುರು ಮಾಡಿ, ಇದೇ ಕ್ಷೇತ್ರದಿಂದ ಪರಿಷತ್ತಿಗೆ ಹೋದವರು. ಈ 2 ಸ್ಥಾನದಲ್ಲಿ ಕೂತವರಿಗೆ ಮತ ಹಾಕಿದ್ದು ನೀವೇ. ಪಂಚಾಯತ್ ಮಸೂದೆ ಬಂದಾಗ ಅವರನ್ನು ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ನಿಮಗುಂಟು.

ಒಂದು ಗೊಂದಲ ಇಲ್ಲೇ ತೆಗೆಯುತ್ತೇನೆ. ವಿಧಾನಮಂಡಲದಲ್ಲಿ ಸ್ಥಳೀಯ ಸಂಸ್ಥೆಗಳು ಮತ್ತು ಪಂಚಾಯತ್ ರಾಜ್ ಸಂಸ್ಥೆಗಳ ಸಮಿತಿ ಅಂತ ಒಂದು ಕಾಯಂ ಸಮಿತಿ ಉಂಟು. ಹೆಸರು ನೋಡಿ ಮಸೂದೆಯೂ ಅದರ ಮುಂದೆಯೇ ಹೋಗುತ್ತದೆ ಅಂತ ಜನ ತಿಳಿಯುತ್ತಾರೆ. ಅದರ ಮುಖ್ಯ ಕೆಲಸ ಲೆಕ್ಕಪತ್ರ, ಆಡಿಟ್ ಆಕ್ಷೇಪಣೆ ನೋಡುವುದು. ಸದನ ಸಮಿತಿ ಅಂದರೆ ಯಾವುದಾದರೂ ಅವ್ಯವಹಾರ ತನಿಖೆ ಮಾಡಲು ರಚಿಸುವಂಥದ್ದು. ಮಸೂದೆಯ ಒಂದೊಂದು ಖಂಡವನ್ನೂ (ಕ್ಲಾಸ್) ನೋಡುವುದು ಪರಿಶೀಲನಾ ಸಮಿತಿ. ಪೇಪರಿನವರು ಎಲ್ಲವನ್ನೂ ಬೇರೆ ಬೇರೆ ಹೆಸರಲ್ಲಿ ಬರೆಯುತ್ತಾರೆ. ನೀವು ಕೆಲಸ ನೋಡಿ ಗುರುತಿಸಿ.

ಮೂಲ ಕಾಯ್ದೆ ಪಕ್ಕದಲ್ಲಿಟ್ಟು ಓದಿ

ತಿದ್ದುಪಡಿ ಮಸೂದೆ ನೋಡಲು ಎರಡು ಮೂರು ಪುಟ ಇರುತ್ತದೆ. ಅದನ್ನು ಮಾತ್ರ ಓದಿದರೆ ಏನೂ ಗೊತ್ತಾಗುವುದಿಲ್ಲ. "ಇಂಥ ಪ್ರಕರಣದಲ್ಲಿ ಈ ಪದಗಳ ಬದಲಿಗೆ ಈ ಪದಗಳನ್ನು ಪ್ರತಿಯೋಜಿಸತಕ್ಕದ್ದು" ಅಂತ ಇರುತ್ತದೆ ಅಷ್ಟೆ. ಪ್ರಕರಣ ಅಂದರೆ ಕಾಯ್ದೆಯ ಸೆಕ್ಷನ್. ಯಾವ ಮನೆಯವರ ಯಾವ ಕೆಲಸ ನಿಲ್ಲುತ್ತದೆ ಅಂತ ಅದರಲ್ಲಿ ಬರೆದಿರುವುದಿಲ್ಲ.

ನಾವು ಹೀಗೆ ಮಾಡುತ್ತೇವೆ. ಪಂಚಾಯತ್ ಸಭಾಂಗಣದ ಉದ್ದ ಮೇಜಿನ ಮೇಲೆ ಎ3 ಹಾಳೆ ಹಾಸಿ ಮೂರು ಕಾಲಂ ಎಳೆಯುತ್ತೇವೆ. ಮೊದಲ ಕಾಲಂನಲ್ಲಿ ಕಾಯ್ದೆಯಲ್ಲಿ ಈಗ ಇರುವ ಸಾಲು. ಎರಡನೆಯದರಲ್ಲಿ ತಿದ್ದುಪಡಿ ಆದ ಮೇಲೆ ಆ ಸಾಲು ಪೂರ್ತಿ ಹೇಗಿರುತ್ತದೆ, ಅದು. ಮೂರನೆಯದರಲ್ಲಿ ನಮ್ಮ ಪಂಚಾಯತ್‌ನಲ್ಲಿ ಇದರಿಂದ ಯಾರಿಗೆ ಏನು ಆಗುತ್ತದೆ. ಮೂರನೆಯ ಕಾಲಂ ಖಾಲಿ ಉಳಿದರೆ ಆ ಖಂಡ ಬಿಟ್ಟುಬಿಡಿ. ಎಲ್ಲದಕ್ಕೂ ಆಕ್ಷೇಪ ಎತ್ತಿದರೆ ನಿಜವಾದ ಆಕ್ಷೇಪಕ್ಕೆ ಬೆಲೆ ಇರುವುದಿಲ್ಲ.

ತಿಳಿಯಲಿಕ್ಕೆ ನಾನೇ ಕಟ್ಟಿದ ಒಂದು ಸಾಲು ಕೊಡುತ್ತೇನೆ. ಈಗ "ಗ್ರಾಮ ಪಂಚಾಯತಿಯ ಅನುಮೋದನೆಯೊಂದಿಗೆ" ಅಂತ ಇದೆ ಅಂದುಕೊಳ್ಳಿ. ಮಸೂದೆ ಅದನ್ನು "ಗ್ರಾಮ ಪಂಚಾಯತಿಯೊಂದಿಗೆ ಸಮಾಲೋಚಿಸಿ" ಅಂತ ಮಾಡುತ್ತದೆ. ಓದಲು ಎರಡೂ ಮರ್ಯಾದೆಯ ಮಾತೇ. ಆದರೆ ಮೊದಲಿನದರಲ್ಲಿ ಪಂಚಾಯತ್ ಬೇಡ ಅಂದರೆ ಕೆಲಸ ನಿಲ್ಲುತ್ತದೆ. ಎರಡನೆಯದರಲ್ಲಿ ಒಂದು ಪತ್ರ ಬರೆದು ಕೇಳಿದ ಹಾಗೆ ಮಾಡಿದರೆ ಸಾಕು, ಪಂಚಾಯತ್ ಬೇಡ ಅಂದರೂ ಕೆಲಸ ನಡೆಯುತ್ತದೆ. "ತಕ್ಕದ್ದು" ಇದ್ದ ಕಡೆ "ಬಹುದು" ಬಂದಿದೆಯಾ ಅಂತಲೂ ಹೀಗೇ ನೋಡಬೇಕು. ಗ್ರಾಮಸಭೆ ಕರೆಯತಕ್ಕದ್ದು ಅಂದರೆ ಕರೆಯಲೇಬೇಕು. ಕರೆಯಬಹುದು ಅಂದರೆ ಅಧ್ಯಕ್ಷರಿಗೆ, ಪಿಡಿಒಗೆ ಬಿಟ್ಟದ್ದು.

"ಸರ್ಕಾರವು ನಿಯಮಿಸಬಹುದಾದಂತೆ" ಎಂಬ ಮಾತು ಕಂಡರೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ಅಸಲು ವಿಷಯವನ್ನು ಮುಂದೆ ನಿಯಮದಲ್ಲಿ ಹೇಳುತ್ತಾರೆ ಅಂತ ಅರ್ಥ. ಎಷ್ಟು ಶುಲ್ಕ, ಯಾರು ಅಧಿಕಾರಿ, ಎಷ್ಟು ದಿನದಲ್ಲಿ ಅರ್ಜಿ ಮುಗಿಸಬೇಕು, ಈ ಮೂರನ್ನು ಮಸೂದೆಯಲ್ಲೇ ಬರೆಯಿರಿ ಅಂತ ಕೇಳಬೇಕು.

ಮಸೂದೆಯ ಕೊನೆಯಲ್ಲಿ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ ಇರುತ್ತದೆ. ಆರ್ಥಿಕ ಜ್ಞಾಪನ ಪತ್ರ ಅಂತ ಇನ್ನೊಂದು. ಪಂಚಾಯತ್‌ಗೆ ಹೊಸ ಕೆಲಸ ಹಚ್ಚಿ, ಆರ್ಥಿಕ ಜ್ಞಾಪನ ಪತ್ರದಲ್ಲಿ ಹೆಚ್ಚುವರಿ ವೆಚ್ಚ ಇಲ್ಲ ಅಂತ ಬರೆದಿದ್ದರೆ ಅದೇ ನಿಮ್ಮ ಮೊದಲ ಪ್ರಶ್ನೆ. ಆ ಕೆಲಸ ಮಾಡಲು ಜನ ಯಾರು, ಹಣ ಎಲ್ಲಿಂದ?

ಪೂರ್ತಿ ಕಾಯ್ದೆ ಓದಲು ಪುರುಸೊತ್ತಿಲ್ಲ ಎನ್ನುವವರು ಕೆಲವು ಪ್ರಕರಣಗಳನ್ನಾದರೂ ಗುರುತು ಹಾಕಿಟ್ಟುಕೊಳ್ಳಿ. ಪಂಚಾಯತ್ ಕೆಲಸಗಳು 58ರಲ್ಲಿ, ಕಟ್ಟಡ ಪರವಾನಗಿ 64ರಲ್ಲಿ, ತೆರಿಗೆ 199ರಲ್ಲಿ, ಅವಿಶ್ವಾಸ 49ರಲ್ಲಿ. ಜಗಳ ಆಗುವ ತಿದ್ದುಪಡಿ ಹೆಚ್ಚಾಗಿ ಇವುಗಳ ಸುತ್ತಲೇ ಬರುತ್ತದೆ.

ಕರಾವಳಿಯದ್ದು ಬೇರೆಯೇ, ಅದನ್ನು ಬರೆದು ಹೇಳಬೇಕು

ನನ್ನ ಪ್ರಕಾರ ನಮ್ಮ ಎರಡು ಜಿಲ್ಲೆಯವರು ಸಮಿತಿಗೆ ಹೇಳಬೇಕಾದ ಮುಖ್ಯ ಮಾತು ಇದು. ಪಂಚಾಯತ್ ಕಾನೂನು ಬರೆಯುವವರ ಕಣ್ಣ ಮುಂದೆ ಇರುವುದು ಘಟ್ಟದ ಮೇಲಿನ ಹಳ್ಳಿ. ಅಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡು ಗ್ರಾಮಠಾಣಾದಲ್ಲಿ, ಅಂದರೆ ವಾಸಕ್ಕೆಂದು ಗುರುತಿಸಿದ ಜಾಗದಲ್ಲಿ ಇರುತ್ತವೆ, ಹೊಲ ಊರಾಚೆ. ನಮ್ಮಲ್ಲಿ ಹೆಚ್ಚಿನ ಕಡೆ ಗ್ರಾಮಠಾಣಾ ಇಲ್ಲವೇ ಇಲ್ಲ. ಮನೆ ಇರುವುದು ತೋಟದ ನಡುವೆ, ಗದ್ದೆಯ ಅಂಚಿನಲ್ಲಿ, ಗುಡ್ಡದ ಬದಿಯಲ್ಲಿ. ಅಣ್ಣನ ಮನೆಗೂ ತಮ್ಮನ ಮನೆಗೂ ನಡುವೆ ಒಂದು ಬೈಲು. ಗ್ರಾಮಠಾಣಾದ ಒಳಗೆ, ಹೊರಗೆ ಅಂತ ಆಸ್ತಿಗಳನ್ನು ವಿಂಗಡಿಸುವ ಯಾವ ನಿಯಮ ಬಂದರೂ ಇಲ್ಲಿ ಹೆಚ್ಚುಕಮ್ಮಿ ಊರಿಗೆ ಊರೇ "ಹೊರಗೆ" ಬೀಳುತ್ತದೆ.

ಪಟ್ಟಣದಲ್ಲೂ ಹಾಗೆ. ಆಸ್ತಿ ತೆರಿಗೆಯನ್ನು ಮಾರ್ಗಸೂಚಿ ಬೆಲೆಗೆ (ಸರ್ಕಾರ ಗೊತ್ತುಪಡಿಸಿದ ಆಸ್ತಿ ಬೆಲೆ) ಜೋಡಿಸಿದ ತಿದ್ದುಪಡಿ ಬಂದಾಗ, ಮನೆಯ ಸುತ್ತಲಿನ ಖಾಲಿ ಜಾಗಕ್ಕೂ ತೆರಿಗೆ ಎಂಬುದು ಮಂಗಳೂರಿನಲ್ಲಿ ದೊಡ್ಡ ಚರ್ಚೆಯಾಯಿತು. ಬೇರೆ ಊರಿನಲ್ಲಿ ಮನೆಯ ಸುತ್ತ ಅಷ್ಟು ಜಾಗ ಬಿಟ್ಟವರು ಕಡಿಮೆ. ಇಲ್ಲಿ ಹಳೆ ಹೆಂಚಿನ ಮನೆ ಸಣ್ಣದು, ಸುತ್ತ ತೆಂಗು, ಬಾವಿ, ನಾಗಬನ ಎಲ್ಲ ಸೇರಿ ಜಾಗ ದೊಡ್ಡದು. ಆ ಜಾಗದಿಂದ ಬರುವ ಆದಾಯ ನಾಲ್ಕು ತೆಂಗಿನಕಾಯಿ.

ಕಲಬುರಗಿಯ, ಮಂಡ್ಯದ ಶಾಸಕರು ಸಮಿತಿಯಲ್ಲಿ ಕೂತಿದ್ದರೆ ಇದು ಅವರಿಗೆ ಗೊತ್ತಿರುವುದಿಲ್ಲ. ಅದು ಅವರ ತಪ್ಪಲ್ಲ. ತೋರಿಸಬೇಕಾದವರು ನಾವು. ಹಾಗಾಗಿ ಕಾಗದದ ಜೊತೆ ಒಂದು ವಾರ್ಡಿನ ನಕ್ಷೆ ಇಡಿ. ಸರ್ವೆ ನಂಬರ್ ಹಾಕಿದ ನಕ್ಷೆಯ ಮೇಲೆ ಮನೆ ಇರುವ ಕಡೆಯೆಲ್ಲ ಚುಕ್ಕಿ ಹಾಕಿ. ಚುಕ್ಕಿಗಳು ಪುಟದ ತುಂಬ ಚದುರಿ ಹೋಗಿರುವುದು ಕಂಡರೆ ಎರಡು ಪುಟದ ವಿವರಣೆ ಬೇಕಾಗುವುದಿಲ್ಲ.

ಕಾಗದ ಬರೆಯುವಾಗ

ಬರೆಯುವ ಮೊದಲು ಸಾಮಾನ್ಯ ಸಭೆಯಲ್ಲಿ ಇಟ್ಟು ನಿರ್ಣಯ ಮಾಡಿಸಿ. ಒಬ್ಬ ಸದಸ್ಯರ ಪತ್ರಕ್ಕಿಂತ ನಡಾವಳಿಯ ಪ್ರತಿ ಇಟ್ಟ ಪಂಚಾಯತ್ ಪತ್ರಕ್ಕೆ ತೂಕ ಜಾಸ್ತಿ. ಹತ್ತು ಪಂಚಾಯತ್‌ಗಳು ಒಂದೇ ಪತ್ರವನ್ನು ಝೆರಾಕ್ಸ್ ಮಾಡಿ ಕಳಿಸಬೇಡಿ. ಬೇಡಿಕೆ ಒಂದೇ ಇರಲಿ, ಆದರೆ ಅಂಕಿ, ಉದಾಹರಣೆ ನಿಮ್ಮದೇ ಊರಿನದ್ದು ಇರಲಿ.

ಪತ್ರ ಎರಡು ಪುಟ ಮೀರದಿರಲಿ. ವಿಷಯದ ಸಾಲಿನಲ್ಲಿ ಮಸೂದೆಯ ಪೂರ್ತಿ ಹೆಸರು, ವರ್ಷ. ಆಮೇಲೆ ಪೀಠಿಕೆ ಬೇಡ, ನೇರ ಖಂಡಕ್ಕೆ ಬನ್ನಿ. "ಖಂಡ 4 ನಮಗೆ ಅನ್ಯಾಯ" ಅಂತ ಬರೆದರೆ ಸಮಿತಿಯವರು ಅದನ್ನು ಇಟ್ಟುಕೊಂಡು ಏನು ಮಾಡಬೇಕು? ಹೀಗೆ ಬರೆಯಿರಿ: "ಖಂಡ 4ರಲ್ಲಿ 'ಗ್ರಾಮ ಪಂಚಾಯತಿಯೊಂದಿಗೆ ಸಮಾಲೋಚಿಸಿ' ಎಂಬ ಪದಗಳ ಬದಲಿಗೆ 'ಗ್ರಾಮ ಪಂಚಾಯತಿಯ ಅನುಮೋದನೆಯೊಂದಿಗೆ' ಎಂಬ ಪದಗಳನ್ನು ಉಳಿಸಬೇಕು. ಕಾರಣ: ನಮ್ಮ ವ್ಯಾಪ್ತಿಯಲ್ಲಿ ಕಳೆದ ವರ್ಷ ಇಷ್ಟು ಅರ್ಜಿ ಬಂದಿವೆ, ಇಷ್ಟಕ್ಕೆ ಪಂಚಾಯತ್ ಷರತ್ತು ಹಾಕಿದೆ, ವಿವರ ಲಗತ್ತು." ಅರ್ಜಿ ರಿಜಿಸ್ಟರಿನ ಆ ಪುಟದ ದೃಢೀಕೃತ ಪ್ರತಿ ಇಡಿ. ಅದರಲ್ಲಿ ಜನರ ಹೆಸರು, ಫೋನ್ ನಂಬರ್ ಇದ್ದರೆ ಮುಚ್ಚಿ ಪ್ರತಿ ತೆಗೆಯಿರಿ.

ಸಮಿತಿಯಲ್ಲಿ ನಡೆಯುವುದು ಖಂಡ ಖಂಡವಾಗಿ ಚರ್ಚೆ. ಇಲಾಖೆಯ ಕಾರ್ಯದರ್ಶಿ, ಕಾನೂನು ಇಲಾಖೆಯವರು ಎದುರಲ್ಲೇ ಇರುತ್ತಾರೆ. ಆ ಖಂಡದ ಸರದಿ ಬಂದಾಗ ಸದಸ್ಯರ ಕೈಯಲ್ಲಿ ಓದಿ ಹೇಳುವಂಥ ಸಿದ್ಧ ವಾಕ್ಯ ಇದ್ದರೆ ಅದು ಚರ್ಚೆಗೆ ಬರುತ್ತದೆ.

ವಿಳಾಸ: ಕಾರ್ಯದರ್ಶಿ, ಕರ್ನಾಟಕ ವಿಧಾನಸಭೆ ಸಚಿವಾಲಯ, ವಿಧಾನಸೌಧ, ಬೆಂಗಳೂರು. ಪರಿಷತ್ತಿನ ಸಮಿತಿಯಾದರೆ ಪರಿಷತ್ತಿನ ಸಚಿವಾಲಯಕ್ಕೆ. ಸಮಿತಿಯ ಅಧ್ಯಕ್ಷರ ಹೆಸರಿಗೆ ಬರೆದು ಕಾರ್ಯದರ್ಶಿಯವರ ಮೂಲಕ ಅಂತ ಹಾಕಿ. ಒಂದು ಪ್ರತಿ ನಿಮ್ಮ ಶಾಸಕರಿಗೆ, ಒಂದು ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಪರಿಷತ್ ಸದಸ್ಯರಿಗೆ. ನಿಮ್ಮನ್ನು ಕರೆದು ಕೇಳಬೇಕು ಅಂತಿದ್ದರೆ ಅದನ್ನೂ ಪತ್ರದಲ್ಲೇ ಬರೆಯಿರಿ. ಕರೆದರೆ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲೋ ರಾತ್ರಿ ಬಸ್ಸಿನಲ್ಲೋ ಹೋಗಿ, ನಿಮಗೆ ಸಿಗುವುದು ಐದೋ ಹತ್ತೋ ನಿಮಿಷ. ಎರಡು ಖಂಡ ಆರಿಸಿಕೊಂಡು ಅವೆರಡನ್ನೇ ಹೇಳಿ. ಸಮಿತಿಯ ಒಳಗೆ ನಡೆದ ಮಾತನ್ನು ವರದಿ ಸದನದಲ್ಲಿ ಮಂಡನೆಯಾಗುವವರೆಗೆ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ಸಮಿತಿ ಕಲಾಪ ಗೋಪ್ಯ, ಅದಕ್ಕೆ ಸದನದ ಹಕ್ಕಿನ ರಕ್ಷಣೆ ಉಂಟು.

ಮಸೂದೆ ಸಮಿತಿಗೆ ಹೋಗಲೇ ಇಲ್ಲ ಅಂದರೆ ಇದೇ ಪತ್ರ ಬೇರೆ ಕಡೆ ಉಪಯೋಗಕ್ಕೆ ಬರುತ್ತದೆ. ಸದನದಲ್ಲೂ ಖಂಡವಾರು ಪರ್ಯಾಲೋಚನೆ ಆಗುವಾಗ ಯಾವ ಸದಸ್ಯರಾದರೂ ತಿದ್ದುಪಡಿ ಸೂಚಿಸಬಹುದು. ಮೊದಲೇ ಬರಹದಲ್ಲಿ ನೋಟಿಸ್ ಕೊಡಬೇಕಾದ್ದರಿಂದ ನಿಮ್ಮ ವಾಕ್ಯ ಅವರ ಕೈಗೆ ಬೇಗ ಸೇರಬೇಕು. ಬೆಳಗಾವಿ ಅಧಿವೇಶನ ನಡೆಯುವಾಗಲಂತೂ ಅಂಚೆ ನಂಬಿ ಕೂರಬೇಡಿ, ಅವರ ಆಪ್ತ ಸಹಾಯಕರಿಗೆ ಫೋನ್ ಮಾಡಿ ಇಮೇಲ್ ಕಳಿಸಿ.

ವರದಿ ಬಂದ ಮೇಲೂ ಕೆಲಸ ಉಂಟು

ಸಮಿತಿಯ ವರದಿ ಮಂಡನೆಯಾದ ಮೇಲೆ ಮೂರು ಕಾಲಂ ಹಾಳೆ ಮತ್ತೆ ತೆಗೆಯಿರಿ. ಸಮಿತಿ ತಿದ್ದಿದ ರೂಪದ ಮಸೂದೆ ವರದಿಯ ಜೊತೆಗೇ ಬರುತ್ತದೆ. ನಿಮ್ಮ ಖಂಡ ಏನಾಗಿದೆ ನೋಡಿ. ಒಪ್ಪದ ಸದಸ್ಯರು ಭಿನ್ನಾಭಿಪ್ರಾಯ ಟಿಪ್ಪಣಿ ಬರೆದಿದ್ದರೆ ಅದನ್ನು ತಪ್ಪದೆ ಓದಿ. ನಿಮ್ಮ ಮಾತು ವರದಿಯಲ್ಲಿ ಬಿದ್ದುಹೋಗಿದ್ದರೂ ಅಲ್ಲಿ ಸಿಗಬಹುದು, ಮತ್ತು ಸದನದಲ್ಲಿ ಅದನ್ನು ಎತ್ತುವವರು ಯಾರು ಅಂತ ಅದರಿಂದಲೇ ಗೊತ್ತಾಗುತ್ತದೆ. ಸಮಿತಿ ಹೇಳಿದ್ದನ್ನೆಲ್ಲ ಸದನ ಒಪ್ಪಲೇಬೇಕು ಅಂತ ಇಲ್ಲ. ಕೊನೆಯ ಮಾತು ಸದನದ್ದೇ.

ಕಾಯ್ದೆ ಜಾರಿಗೆ ಬಂದ ಮೇಲೆ ಕರಡು ನಿಯಮಗಳು ರಾಜ್ಯಪತ್ರದಲ್ಲಿ ಬರುತ್ತವೆ. ಆಕ್ಷೇಪಣೆಗೆ ಸಾಮಾನ್ಯವಾಗಿ 15 ಅಥವಾ 30 ದಿನ ಕೊಡುತ್ತಾರೆ. ಸಮಿತಿಯಲ್ಲಿ ಗೆದ್ದದ್ದು ನಿಯಮದಲ್ಲಿ ಕೈತಪ್ಪಿ ಹೋಗುವುದುಂಟು, ಜನರ ಗಮನ ಅಷ್ಟೊತ್ತಿಗೆ ಬೇರೆ ಕಡೆ ಹೋಗಿರುತ್ತದೆ. ಇ-ರಾಜ್ಯಪತ್ರವನ್ನು ವಾರಕ್ಕೊಮ್ಮೆ ನೋಡುವ ಕೆಲಸವನ್ನು ನಿಮ್ಮ ಪಂಚಾಯತ್‌ನ ಒಬ್ಬರಿಗೆ, ಗ್ರಂಥಾಲಯ ಮೇಲ್ವಿಚಾರಕರಿಗಾದರೂ ಸರಿ, ಒಪ್ಪಿಸಿಬಿಡಿ. ಗ್ರಾಮೀಣಾಭಿವೃದ್ಧಿ ಮತ್ತು ನಗರಾಭಿವೃದ್ಧಿ ಇಲಾಖೆಯ ಅಧಿಸೂಚನೆ ಎರಡನ್ನೂ ನೋಡಲಿ, ನಮ್ಮಲ್ಲಿ ಪಂಚಾಯತ್ ಮುಗಿದು ಪಟ್ಟಣ ಶುರುವಾಗುವ ಗಡಿ ಬದಲಾಗುತ್ತಲೇ ಇರುತ್ತದೆ. ನಿಯಮ ಕಾಯ್ದೆಯನ್ನು ಮೀರಿದೆ ಅನಿಸಿದರೆ ವಿಧಾನಮಂಡಲದ ಅಧೀನ ಶಾಸನ ರಚನಾ ಸಮಿತಿಗೆ ಬರೆಯಬಹುದು. ನಿಯಮಗಳನ್ನು ನೋಡುವುದೇ ಅದರ ಕೆಲಸ.

ಆಕ್ಷೇಪಣೆಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಸ್ವೀಕೃತಿ ಸಹಿತ ಕಳಿಸಿ. ಸಿಕ್ಕಿದ ಸ್ವೀಕೃತಿಯನ್ನು ನಡಾವಳಿ ಪುಸ್ತಕದಲ್ಲಿ ಆ ನಿರ್ಣಯದ ಪುಟಕ್ಕೇ ಅಂಟಿಸಿ. ಮುಂದಿನ ಅವಧಿಗೆ ಆರಿಸಿ ಬರುವ ಸದಸ್ಯರಿಗೆ ಎಲ್ಲಿಂದ ಮುಂದುವರಿಸಬೇಕು ಅಂತ ಅದನ್ನು ನೋಡಿದರೆ ತಿಳಿಯುತ್ತದೆ.